ರಾಯದುರ್ಗದ ಹಾದಿಯ ಮೊದಲ ನಿಲ್ದಾಣ

ನಮ್ಮ ಶಾಲೆಯ ಐವತ್ತು ವರ್ಷಗಳ ಕಥೆಯನ್ನು ಬರೆಯಲು ಈ ಸಂಚಿಕೆಯಲ್ಲಿ ನನಗಿಂತ ಬಲ್ಲವರಿದ್ದಾರೆ. ಕಟ್ಟಡ ಹೇಗೆ ಎದ್ದಿತು, ಜಾಗ ಕೊಟ್ಟವರು ಯಾರು, ಮೊದಲ ಬ್ಯಾಚಿನಲ್ಲಿ ಎಷ್ಟು ಮಕ್ಕಳು ಪಾಸಾದರು ಎಂಬುದನ್ನೆಲ್ಲ ಅವರು ಹೇಳುತ್ತಾರೆ. ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದಾಗ, ಇತಿಹಾಸ ಪಾಠ ಹೇಳಿ ನಿವೃತ್ತನಾದ ಹಳೆಯ ವಿದ್ಯಾರ್ಥಿಯಾಗಿ ನಾನು ಆರಿಸಿಕೊಂಡದ್ದು ಶಾಲೆಯ ಕಾಂಪೌಂಡಿನ ಆಚೆಗಿನ ಒಂದು ವಿಷಯ. ಅದು ಬಳ್ಳಾರಿ ಕಂಟೋನ್ಮೆಂಟ್ ರೈಲು ನಿಲ್ದಾಣ. ಬಳ್ಳಾರಿ ಜಂಕ್ಷನ್ ಬಿಟ್ಟು ರಾಯದುರ್ಗದ ಕಡೆಗೆ ತಿರುಗಿದ ಗಾಡಿಗೆ ಮೊದಲು ಸಿಗುವ ಸಣ್ಣ ನಿಲ್ದಾಣ. ನಮ್ಮ ಶಾಲೆಗೆ ಮಕ್ಕಳನ್ನೂ ಮೇಷ್ಟ್ರನ್ನೂ ತಂದು ಇಳಿಸಿದ ನಿಲ್ದಾಣ.

ಜಂಕ್ಷನ್ ನಿಲ್ದಾಣಕ್ಕೆ ಅದರದೇ ಆದ ಕೀರ್ತಿಯಿದೆ. 1921ರ ಅಕ್ಟೋಬರ್ ಒಂದರಂದು ಗಾಂಧೀಜಿ ಬಳ್ಳಾರಿಗೆ ಬಂದು ಅಲ್ಲಿ ತಂಗಿದ್ದನ್ನು ಊರಿನವರು ಇವತ್ತಿಗೂ ನೆನೆಯುತ್ತಾರೆ. ಕಂಟೋನ್ಮೆಂಟ್ ನಿಲ್ದಾಣಕ್ಕೆ ಅಂಥ ಹೆಸರು ಬಂದಿಲ್ಲ. ಆದರೆ ನಮ್ಮ ಸೀಮೆ ಹೇಗೆ ಒಂದಾಗಿತ್ತು, ಹೇಗೆ ಎರಡಾಯಿತು, ಎರಡಾದ ಮೇಲೂ ಜನ ಹೇಗೆ ಹೋಗಿಬಂದು ಮಾಡಿಕೊಂಡಿದ್ದರು ಎಂಬುದನ್ನು ತಿಳಿಯಬೇಕಾದರೆ ಈ ಸಣ್ಣ ನಿಲ್ದಾಣದ ಹಾದಿಯನ್ನೇ ನೋಡಬೇಕು.

ದಂಡು, ಹತ್ತಿ ಮತ್ತು ಬರ

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಹೀಗೆ ಬಿಟ್ಟುಕೊಟ್ಟ ಪ್ರದೇಶಕ್ಕೆ ದತ್ತ ಮಂಡಲ ಎಂಬ ಹೆಸರು ಬಂತು. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ. ಬಳ್ಳಾರಿಯಲ್ಲಿ ಕೋಟೆಯ ಜೊತೆಗೆ ದಂಡಿನ ನೆಲೆಯೂ ಬೆಳೆಯಿತು. ಸಿಪಾಯಿಗಳಿಗೆ ದಿನಸಿ, ಬಟ್ಟೆ, ಹುಲ್ಲು, ಸೌದೆ ಒದಗಿಸುವವರ ಪೇಟೆಯಾಗಿ ಕೌಲ್ ಬಜಾರ್ ಬೆಳೆಯಿತು. ದಂಡು ಹೋಗಿ ಎಷ್ಟೋ ಕಾಲವಾದರೂ ಕಂಟೋನ್ಮೆಂಟ್ ಎಂಬ ಹೆಸರು ಬಡಾವಣೆಗೂ ನಿಲ್ದಾಣಕ್ಕೂ ಉಳಿದುಕೊಂಡಿದೆ.

ಮದ್ರಾಸಿನಿಂದ ವಾಯವ್ಯಕ್ಕೆ ಹೊರಟ ಮದ್ರಾಸ್ ರೈಲ್ವೆಯ ಹಳಿ ಗುಂತಕಲ್, ಆದವಾನಿ ಮಾರ್ಗವಾಗಿ ಸಾಗಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ ಕಡೆಯ ಹಳಿಯನ್ನು ಸೇರಿತು. ಗುಂತಕಲ್ಲಿನಿಂದ ಬಳ್ಳಾರಿಗೆ ಬಂದ ಹಾದಿಯೂ ಅದೇ ವರ್ಷ ತೆರೆಯಿತು. ಇಂದು ಹುಬ್ಬಳ್ಳಿ–ಗುಂತಕಲ್ ಮುಖ್ಯ ಮಾರ್ಗದಲ್ಲಿ ಓಡಾಡುವವರಿಗೆ ಬಳ್ಳಾರಿ ಒಂದು ಕಾಲಕ್ಕೆ ಶಾಖಾ ಮಾರ್ಗದ ಕೊನೆಯ ನಿಲ್ದಾಣವಾಗಿತ್ತು ಎಂದರೆ ನಂಬುವುದು ಕಷ್ಟ. ಇಲ್ಲಿಯ ಎರೆ ಭೂಮಿಯ ಹತ್ತಿಗೂ ದಂಡಿನ ಅಗತ್ಯಕ್ಕೂ ಆ ಹಾದಿ ಬಂದಿತ್ತು.

ರೈಲು ಬಂದು ಐದು ವರ್ಷಕ್ಕೆ ಬರ ಬಂತು. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ ಅದು. ಜನಗಣತಿಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. 1871ರಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,11,755. 1881ರಲ್ಲಿ ಅದು 7,26,275. ಐದು ಜನರಿದ್ದ ಕಡೆ ನಾಲ್ವರು ಉಳಿದರು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ರೈಲಿನ ಹಳಿ ಇದ್ದ ಊರಿಗೆ ಹೊರಗಿನಿಂದ ಕಾಳು ಬರುತ್ತಿತ್ತು. ಅಲ್ಲಿಂದ ಒಳನಾಡಿಗೆ ಸಾಗಿಸಬೇಕಾದದ್ದು ಎತ್ತಿನ ಬಂಡಿ. ಆದರೆ ಮೇವು ನೀರಿಲ್ಲದೆ ಎತ್ತುಗಳೇ ಸತ್ತಿದ್ದವು. ಮೂವತ್ತು ಮೈಲಿ ಆಚೆಯ ಹಳ್ಳಿಯವನಿಗೆ ಬಳ್ಳಾರಿ ಸ್ಟೇಷನ್ನಿನಲ್ಲಿ ರಾಶಿ ಬಿದ್ದ ಕಾಳು ಇದ್ದರೂ ಇಲ್ಲದಂತೆಯೇ.

1880ರ ಕ್ಷಾಮ ಆಯೋಗವು ಬರದ ಸೀಮೆಗಳಿಗೆ ರಕ್ಷಣೆಯ ರೈಲುಮಾರ್ಗಗಳು ಬೇಕು ಎಂದು ಹೇಳಿದ್ದು ಇಂಥ ಅನುಭವದಿಂದಲೇ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಕೂಡಿಸುವ ಅದರ ಹಳಿ ಮೀಟರ್ ಗೇಜಿನದು, ಎಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರ. ಮದ್ರಾಸ್ ರೈಲ್ವೆಯ ಹಳಿ 1,676 ಮಿಲಿಮೀಟರಿನ ಬ್ರಾಡ್ ಗೇಜ್. ಒಂದು ಹಳಿಯ ವ್ಯಾಗನ್ ಇನ್ನೊಂದರ ಮೇಲೆ ಓಡುವಂತಿಲ್ಲ. ಎರಡೂ ಸೇರುವ ಊರಿನಲ್ಲಿ ಮೂಟೆ ಮೂಟೆಯನ್ನೂ ಹಮಾಲರು ಇಳಿಸಿ ಮತ್ತೆ ಏರಿಸಬೇಕು. ಕೊನೆಗೆ 1887ರಲ್ಲಿ ಗುಂತಕಲ್–ಬಳ್ಳಾರಿ ಹಾದಿಯನ್ನೇ ಕಿತ್ತು ಮೀಟರ್ ಗೇಜ್ ಮಾಡಿದರು. ಮಾಲು ಬದಲಿಸುವ ಕೆಲಸ ಗುಂತಕಲ್ಲಿಗೆ ಹೋಯಿತು. 1888ರಲ್ಲಿ ಗೋವೆಯ ಮರ್ಮುಗೋವಾ ಬಂದರಿನ ಹಳಿ ಕ್ಯಾಸಲ್ ರಾಕ್ ಮುಟ್ಟಿದ ಮೇಲೆ ಬಳ್ಳಾರಿಯ ಹತ್ತಿಗೆ ಪಡುವಣ ಸಮುದ್ರದ ದಾರಿಯೂ ತೆರೆಯಿತು.

1905ರ ಎರಡು ಕವಲುಗಳು

ಮುಖ್ಯ ಹಾದಿಯಾದ ಮೇಲೆ ಉಳಿದದ್ದು ಅದರ ದಕ್ಷಿಣದ ಒಣ ಭೂಮಿ. 1905ರಲ್ಲಿ ಎರಡು ಕವಲುಗಳು ತೆರೆದವು. ಒಂದು ಹೊಸಪೇಟೆಯಿಂದ ಕೊಟ್ಟೂರಿಗೆ, ಇನ್ನೊಂದು ಬಳ್ಳಾರಿಯಿಂದ ರಾಯದುರ್ಗಕ್ಕೆ. ನಮ್ಮ ಕವಲಿನ ಉದ್ದ 50 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದೂ ಮೀಟರ್ ಗೇಜೇ. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು. ಕೋರ್ಟು, ಖಜಾನೆ, ಕಲೆಕ್ಟರ್ ಕಚೇರಿ, ಹತ್ತಿ ಶೇಂಗಾಗಳ ಪೇಟೆ ಎಲ್ಲಕ್ಕೂ ರಾಯದುರ್ಗದವರು ಬಳ್ಳಾರಿಗೇ ಬರಬೇಕು. ಆಗಿನವರ ಕಣ್ಣಿಗೆ ಇದು ಜಿಲ್ಲಾ ಕೇಂದ್ರಕ್ಕೂ ಅದರ ಒಂದು ತಾಲ್ಲೂಕು ಕೇಂದ್ರಕ್ಕೂ ಹಾಕಿದ ಹಳಿ, ಅಷ್ಟೆ.

ರಾಯದುರ್ಗದ ಆಚೆಗೆ ಹಳಿ ಇರಲಿಲ್ಲ. ಹೋದ ಗಾಡಿ ಅಲ್ಲಿ ಎಂಜಿನ್ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಮರಳಬೇಕು. ಸುಮಾರು ತೊಂಬತ್ತು ವರ್ಷ ಈ ಸ್ಥಿತಿ ಇತ್ತು. ಮುಂದೆ ದಾರಿಯಿಲ್ಲದ ಹಳಿಗೆ ದೂರದ ಪ್ರಯಾಣಿಕರು ಬರುವುದಿಲ್ಲ. ಅದಕ್ಕೇ ಈ ಗಾಡಿ ಹತ್ತುತ್ತಿದ್ದವರೆಲ್ಲ ಒಬ್ಬರಿಗೊಬ್ಬರು ಗುರುತಿನವರು. ಕೋರ್ಟಿಗೆ ಬರುವ ಕಕ್ಷಿದಾರ, ಸೊಪ್ಪು ಹಣ್ಣು ಮಾರುವ ಹೆಂಗಸರು, ತವರಿಗೆ ಹೊರಟ ಬಾಣಂತಿ, ಸಂತೆಗೆ ಹೊರಟ ವ್ಯಾಪಾರಿ. 1961ರಲ್ಲಿ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ವಿಮ್ಸ್ ಎಂಬ ಹೆಸರಿನಿಂದ ಕರೆಯುತ್ತಿದ್ದ ಆ ಕಾಲೇಜು ಮತ್ತು ಆಸ್ಪತ್ರೆ ಇರುವುದು ಕಂಟೋನ್ಮೆಂಟ್ ಪ್ರದೇಶದಲ್ಲೇ. ಆಮೇಲೆ ರೋಗಿಗಳೂ ಅವರಿಗೆ ಬುತ್ತಿ ತರುವವರೂ ಈ ನಿಲ್ದಾಣದಲ್ಲಿ ಇಳಿಯತೊಡಗಿದರು.

ಕಂಟೋನ್ಮೆಂಟಿನ ಹೆಸರಿನ ಜೊತೆ ಬಳ್ಳಾರಿಗೆ ಕೈದಿಗಳ ಚರಿತ್ರೆಯೂ ಅಂಟಿಕೊಂಡಿದೆ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಸಮುದ್ರ ದಾಟಿಸಿ ತಂದು ಇಟ್ಟಿದ್ದ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಬಂಧಿತರಾದ ತಮಿಳುನಾಡಿನ ಕೆ. ಕಾಮರಾಜರನ್ನು ಇಟ್ಟದ್ದು ಅಲ್ಲೀಪುರ ಜೈಲಿನಲ್ಲಿ. ಅವರು ಹೊರಬಂದದ್ದು 1931ರ ಗಾಂಧಿ–ಇರ್ವಿನ್ ಒಪ್ಪಂದದ ನಂತರ. ಬರಕ್ಕೆ ಕಾಳು ತಂದ ಹಳಿ ಸೆರೆಮನೆಗೆ ಜನರನ್ನೂ ತಂದಿತು ಎಂಬುದನ್ನು ಮರೆಯಬಾರದು.

ಒಂದು ಜಿಲ್ಲೆ ಎರಡಾದ ದಿನ

ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ ಇಲ್ಲಿ ಕನ್ನಡ ತೆಲುಗು ಎರಡೂ ಮನೆಮಾತು, ಎರಡೂ ಪೇಟೆಮಾತು. ಉರ್ದು ಮರಾಠಿಗಳೂ ಇದ್ದವು. ಬಳ್ಳಾರಿ ರಾಘವರು ತೆಲುಗು, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳಲ್ಲೂ ರಂಗದ ಮೇಲೆ ನಿಂತವರು. ಅಂಥ ಊರಿಗೆ ‘ನೀನು ಯಾವ ಕಡೆ’ ಎಂಬ ಪ್ರಶ್ನೆ ಬಂದದ್ದು ಭಾಷಾವಾರು ಪ್ರಾಂತ್ಯದ ಕಾಲದಲ್ಲಿ.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆಂಧ್ರ ರಾಜ್ಯದ ಘೋಷಣೆ ಆಯಿತು. ಬಳ್ಳಾರಿ ಜಿಲ್ಲೆಯನ್ನು ಹೇಗೆ ಹಂಚುವುದು ಎಂಬ ವಾದ ಜೋರಾಯಿತು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಗೆಂದೇ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆಯಿತು. ಕೊನೆಗೆ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರು ರಾಜ್ಯಕ್ಕೆ ಬಂದವು. 1953ರ ಅಕ್ಟೋಬರ್ 1 ಆ ದಿನ. ಆ ಸಂಭ್ರಮದ ಹೊತ್ತಿನಲ್ಲೇ ಬಳ್ಳಾರಿಯಲ್ಲಿ ಪಿಂಜಾರ ರಂಜಾನ್ ಸಾಬರು ಪ್ರಾಣ ತೆತ್ತರು. ಏಕೀಕರಣದ ಹುತಾತ್ಮರೆಂದು ಅವರನ್ನು ಇಂದೂ ಸ್ಮರಿಸುತ್ತೇವೆ.

ಪಾಠದ ಪುಸ್ತಕದಲ್ಲಿ ಈ ಸಂಗತಿ ಇಲ್ಲಿಗೆ ಮುಗಿಯುತ್ತದೆ. ಆದರೆ ನಮ್ಮ ಕವಲು ಹಾದಿಯ ಕಡೆಯಿಂದ ನೋಡಿ. ಹಿಂದಿನ ದಿನದವರೆಗೆ ಒಂದು ಜಿಲ್ಲೆಯೊಳಗಿನ ಗಾಡಿಯಾಗಿದ್ದದ್ದು ಮರುದಿನ ಎರಡು ರಾಜ್ಯಗಳ ನಡುವಿನ ಗಾಡಿಯಾಯಿತು. ಹಳಿಯನ್ನು ಯಾರೂ ಕೀಳಲಿಲ್ಲ, ಗಾಡಿಯನ್ನು ಯಾರೂ ನಿಲ್ಲಿಸಲಿಲ್ಲ. ರಾಯದುರ್ಗದ ರೈತನ ಖಾತೆ ಪಹಣಿ ಅನಂತಪುರಕ್ಕೆ ಹೋಯಿತು. ಅವನ ಮಗಳನ್ನು ಕೊಟ್ಟ ಮನೆ, ಸಾಲ ತಂದ ಸಾಹುಕಾರ, ತೋರಿಸಿಕೊಳ್ಳುವ ಡಾಕ್ಟರು ಬಳ್ಳಾರಿಯಲ್ಲೇ ಉಳಿದರು. ಕಚೇರಿಗಳು ಬೇರೆಯಾದವು, ಬೀಗತನ ಬೇರೆಯಾಗಲಿಲ್ಲ. ಹೋಗಿಬರಲು ಇದ್ದ ಅಗ್ಗದ ದಾರಿ ಈ ರೈಲು.

ನಮ್ಮ ಶಾಲೆಯ ದಾಖಲಾತಿ ಪುಸ್ತಕ

ಈ ಲೇಖನಕ್ಕಾಗಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾನು ಎರಡು ದಿನ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ನೋಡಿದೆ. ಅಂಚು ಜಿರಲೆ ತಿಂದಿದ್ದರೂ ಅಕ್ಷರ ಚೆನ್ನಾಗಿವೆ. ವಿಳಾಸದ ಕಾಲಮ್ಮಿನಲ್ಲಿ ನಮ್ಮ ಸುತ್ತಲ ಹಳ್ಳಿಗಳ ಹೆಸರಿನ ನಡುವೆ ಆಗಾಗ ‘ರಾಯದುರ್ಗ ತಾಲ್ಲೂಕು, ಅನಂತಪುರ ಜಿಲ್ಲೆ’ ಎಂಬ ಸಾಲು ಬರುತ್ತದೆ. ಮಾತೃಭಾಷೆಯ ಕಾಲಮ್ಮಿನಲ್ಲಿ ‘ಕನ್ನಡ’ ಎಂದಿದೆ, ಕೆಲವು ಕಡೆ ‘ತೆಲುಗು’ ಎಂದಿದೆ. ಓದಿದ್ದು ಮಾತ್ರ ಎಲ್ಲರೂ ಕನ್ನಡ ಮಾಧ್ಯಮದಲ್ಲಿ. ಗಡಿಯಾಚೆಯ ಮನೆಗಳು ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಲು ಸಾಧ್ಯವಾದದ್ದು ಬೆಳಗಿನ ಗಾಡಿ ಇದ್ದದ್ದರಿಂದ.

ನಾನು ಓದುವಾಗ ನನ್ನ ತರಗತಿಯಲ್ಲೂ ಅಂಥ ಇಬ್ಬರಿದ್ದರು. ಓಬಳಾಪುರದ ಕಡೆಯವರು. ಸೀಸನ್ ಪಾಸನ್ನು ಜ್ಯಾಮೆಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಹೊಗೆಬಂಡಿಯ ಕಾಲ ಅದು. ಕಿಟಕಿ ಪಕ್ಕ ಕುಳಿತು ಬಂದ ದಿನ ಬಿಳಿ ಅಂಗಿಯ ಮೇಲೆ ಕಲ್ಲಿದ್ದಲಿನ ಕಪ್ಪು ಚುಕ್ಕೆ. ನಮ್ಮ ಗಣಿತದ ಮೇಷ್ಟ್ರೂ ಅದೇ ಗಾಡಿಯಲ್ಲಿ ಬರುವವರು. ಗಾಡಿ ತಡವಾದರೆ ಮೊದಲ ಪೀರಿಯಡ್ ಹಿಂದಿ ಆಗುತ್ತಿತ್ತು. ಸಿಳ್ಳು ಕೇಳಿಸಿತೋ ಇಲ್ಲವೋ ಎಂದು ಹೋಂವರ್ಕ್ ಮಾಡದ ನಾವು ಕಿವಿಗೊಟ್ಟು ಕೂರುತ್ತಿದ್ದೆವು.

ಸಂಜೆ ಅವರನ್ನು ಬೀಳ್ಕೊಡುವ ನೆಪದಲ್ಲಿ ನಾವೂ ನಿಲ್ದಾಣಕ್ಕೆ ಹೋಗುತ್ತಿದ್ದೆವು. ನಾಲ್ಕಾಣೆ ಇದ್ದರೆ ಹೊರಗಿನ ಗೂಡಂಗಡಿಯಲ್ಲಿ ಮಿರ್ಚಿ, ಹೆಚ್ಚಿಗೆ ಇದ್ದರೆ ಮಂಡಕ್ಕಿ ಒಗ್ಗರಣೆ. ರಟ್ಟಿನ ಸಣ್ಣ ಟಿಕೆಟ್ಟಿನ ಮೇಲೆ ತಾರೀಖು ಒತ್ತುವ ಯಂತ್ರದ ‘ಟಕ್’ ಸದ್ದು ಕೇಳುವುದೇ ಒಂದು ಆಟ. ಒಂದೇ ಹಳಿಯ ಹಾದಿಯಲ್ಲಿ ಎದುರುಬದುರು ಎರಡು ಗಾಡಿ ಬರಬಾರದೆಂದು ಡ್ರೈವರನ ಕೈಗೆ ಟೋಕನ್ ಕೊಡುವ ಪದ್ಧತಿಯನ್ನು ಸ್ಟೇಷನ್ ಮಾಸ್ತರರು ಒಮ್ಮೆ ನಮಗೆ ವಿವರಿಸಿದ್ದರು. ಆ ಟೋಕನ್ ಯಾರ ಕೈಯಲ್ಲಿದೆಯೋ ಹಾದಿ ಅವರದು. ಮುಂದಿನ ನಿಲ್ದಾಣದಲ್ಲಿ ಅದನ್ನು ಒಪ್ಪಿಸಿದ ಮೇಲೆಯೇ ಇನ್ನೊಬ್ಬರಿಗೆ ಹಾದಿ. ಮುಂದೆ ನಾನು ಪೌರನೀತಿ ಪಾಠ ಹೇಳುವಾಗ ಎಷ್ಟೋ ಸಲ ಇದೇ ಉದಾಹರಣೆ ಕೊಟ್ಟಿದ್ದೇನೆ.

ಆ ಇಬ್ಬರಲ್ಲಿ ಒಬ್ಬ ಮುಂದೆ ಶಿಕ್ಷಕನಾಗಬೇಕೆಂದು ಆಸೆಪಟ್ಟ. ಓದಿದ್ದು ಕರ್ನಾಟಕದ ಶಾಲೆ, ಮನೆ ಇದ್ದದ್ದು ಆಂಧ್ರದಲ್ಲಿ. ಇಲ್ಲಿ ಹೋದರೆ ವಾಸದ ಪ್ರಮಾಣಪತ್ರ ಕೇಳಿದರು, ಅಲ್ಲಿ ಹೋದರೆ ತೆಲುಗಿನಲ್ಲಿ ಓದಿಲ್ಲವಲ್ಲ ಎಂದರು. ಈಗ ಗಡಿನಾಡು ಕನ್ನಡಿಗರಿಗೆ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಪ್ರತ್ಯೇಕ ಅವಕಾಶವಿದೆ. ಅವನು ಕೊನೆಗೆ ರಾಯದುರ್ಗದಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಜೀನ್ಸ್ ಪ್ಯಾಂಟಿನ ಕೆಲಸಕ್ಕೆ ಇಳಿದ. ಬಳ್ಳಾರಿಯಿಂದ ಬಟ್ಟೆ ಒಯ್ದು ಹೊಲಿದ ಪ್ಯಾಂಟನ್ನು ಬಳ್ಳಾರಿಗೇ ತಂದು ಕೊಡುವುದು ಅವನ ಉದ್ಯೋಗವಾಯಿತು. ಎಷ್ಟೋ ವರ್ಷ ಅದೇ ಗಾಡಿಯಲ್ಲಿ, ಶಾಲೆಯ ಚೀಲದ ಬದಲು ಪ್ಯಾಂಟಿನ ಗಂಟು ಹೊತ್ತು ಓಡಾಡಿದ. ಗೆರೆ ಎಳೆಯುವವರು ನಕ್ಷೆಯ ಮೇಲೆ ಎಳೆಯುತ್ತಾರೆ. ಅದು ಬಂದು ಬೀಳುವುದು ಇಂಥವರ ಬದುಕಿನ ಮೇಲೆ.

ಕೊನೆಯಿದ್ದ ಹಾದಿ ಮುಂದುವರಿಯಿತು

1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯುನಿಗೇಜ್ ಯೋಜನೆ ಆರಂಭವಾಯಿತು. ಇಪ್ಪತ್ತನೆಯ ಶತಮಾನದ ಆ ಕೊನೆಯ ದಶಕದಲ್ಲಿ ನಮ್ಮ ಕವಲು ಬ್ರಾಡ್ ಗೇಜ್ ಆಯಿತು. ರಾಯದುರ್ಗದ ಆಚೆ ಮೊಳಕಾಲ್ಮುರು, ಚಳ್ಳಕೆರೆ, ಚಿತ್ರದುರ್ಗದ ಮಾರ್ಗವಾಗಿ ಚಿಕ್ಕಜಾಜೂರಿಗೆ ಹಾದಿ ಕೂಡಿಕೊಂಡಿತು. ಈಗ ಬಳ್ಳಾರಿಯಲ್ಲಿ ಹೊರಟ ಗಾಡಿ ಕರ್ನಾಟಕ ಬಿಟ್ಟು ಆಂಧ್ರ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ನಿಲ್ದಾಣದ ಹಳದಿ ಫಲಕಗಳಲ್ಲಿ ಕನ್ನಡ ಹೋಗಿ ತೆಲುಗು, ತೆಲುಗು ಹೋಗಿ ಕನ್ನಡ. ಮುಂದೆ ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಧುಗಿರಿಯ ಮೇಲೆ ತುಮಕೂರಿಗೆ ಹೊಸ ಮಾರ್ಗದ ಕೆಲಸವೂ ನಡೆದಿದೆ. ಅದು ಪೂರ್ಣವಾದರೆ ಬೆಂಗಳೂರು ನಮಗೆ ಇನ್ನಷ್ಟು ಹತ್ತಿರ. ಒಂದು ಕಾಲಕ್ಕೆ ಮುಂದೆ ದಾರಿಯಿಲ್ಲದೆ ನಿಂತಿದ್ದ ಹಳಿಗೆ ಇದು ದೊಡ್ಡ ಬಡ್ತಿಯೇ.

ಆದರೆ ದಾಖಲಾತಿ ಪುಸ್ತಕ ಇನ್ನೊಂದು ಮಾತನ್ನೂ ಹೇಳುತ್ತದೆ. ಹಳಿ ಬದಲಿಸಲು ಗಾಡಿ ನಿಂತಿದ್ದ ಕಾಲದ ಪುಟಗಳಲ್ಲಿ ‘ಅನಂತಪುರ ಜಿಲ್ಲೆ’ ಎಂಬ ಸಾಲು ಕಾಣುವುದಿಲ್ಲ. ದೊಡ್ಡ ಹಳಿ ಬಂದ ಮೇಲೂ ಅದು ಹಿಂದಿನಂತೆ ಮರಳಲಿಲ್ಲ. ಅಷ್ಟರಲ್ಲಿ ಆ ಮನೆಗಳ ಮಕ್ಕಳು ಬೇರೆ ಶಾಲೆ, ಬೇರೆ ಮಾಧ್ಯಮಕ್ಕೆ ಹೊಂದಿಕೊಂಡಿದ್ದರು. ಒಮ್ಮೆ ಬಿಟ್ಟುಹೋದ ಅಭ್ಯಾಸವನ್ನು ಹಳಿ ಮರಳಿ ತರಲಾರದು.

ಎರಡು ಸಾವಿರದ ದಶಕದಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಬಂತು. ಓಬಳಾಪುರದ ಗುಡ್ಡಗಳಲ್ಲಿ ಎರಡು ರಾಜ್ಯಗಳ ಗಡಿ ಎಲ್ಲಿದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1953ರ ಗೆರೆಯನ್ನು ಮತ್ತೆ ಅಳೆಯಬೇಕಾಯಿತು. ಅದಿರು ಕಂಡಾಗ ಗಡಿಯ ಒಂದೊಂದು ಕಲ್ಲಿಗೂ ಲೆಕ್ಕ ಬಂತು. ಅದೇ ಗಡಿಯನ್ನು ದಿನಾ ಎರಡು ಸಲ ದಾಟುತ್ತಿದ್ದ ಮಕ್ಕಳ ಲೆಕ್ಕ ಇದ್ದದ್ದು ನಮ್ಮ ಶಾಲೆಯ ಪುಸ್ತಕದಲ್ಲಿ ಮಾತ್ರ.

ನಮ್ಮ ಜೊತೆಗೇ ಹುಟ್ಟಿದ ಹೊಸಪೇಟೆ–ಕೊಟ್ಟೂರು ಕವಲಿನ ಕಥೆಯನ್ನೂ ನೆನೆಯಬೇಕು. ಅಲ್ಲಿ ಹಳಿ ಬ್ರಾಡ್ ಗೇಜ್ ಆದ ಮೇಲೂ ಪ್ರಯಾಣಿಕರ ಗಾಡಿಗಾಗಿ ಜನ ವರ್ಷಗಟ್ಟಲೆ ಮನವಿ, ಹೋರಾಟ ಮಾಡಬೇಕಾಯಿತು. 2019ರಲ್ಲಿ ಅದು ಕೈಗೂಡಿತು. ಹಳಿ ಇದ್ದ ಮಾತ್ರಕ್ಕೆ ಗಾಡಿ ಇರುತ್ತದೆ ಎಂದುಕೊಳ್ಳಬಾರದು.

ಹಳಿಯೇ ಇಲ್ಲದವರ ಮಾತು ಬೇರೆ. ಸಿರುಗುಪ್ಪಕ್ಕೆ ತುಂಗಭದ್ರೆಯಿದೆ, ವಿಜಯನಗರದ ಕಾಲದ ಕಾಲುವೆಯಿದೆ, ಭತ್ತವಿದೆ, ಅಕ್ಕಿ ಗಿರಣಿಗಳಿವೆ, ರೈಲಿಲ್ಲ. ಕುರುಗೋಡಿಗೆ ದೊಡ್ಡಬಸವೇಶ್ವರನಿದ್ದಾನೆ, ಸಾವಿರಾರು ಜನ ಸೇರುವ ತೇರಿದೆ, ಅಲ್ಲಿಗೂ ರೈಲಿಲ್ಲ. ರಾಯದುರ್ಗದ ಕಡೆಯಿಂದ ತೇರಿಗೆ ಬರುವ ಭಕ್ತರು ಬಳ್ಳಾರಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರಿನ ಮೇಲೆ ಲಿಂಗಸುಗೂರಿಗೆ ರೈಲು ಬೇಕೆಂಬ ಬೇಡಿಕೆ ಬಹಳ ಹಳೆಯದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಸಿರುಗುಪ್ಪ, ಕುರುಗೋಡು, ಕಂಪ್ಲಿಗಳೇ ಬಳ್ಳಾರಿ ಜಿಲ್ಲೆಯ ದೊಡ್ಡ ಭಾಗ. ಆ ಮೂರು ಪಟ್ಟಣಗಳಿಗೂ ರೈಲು ನಿಲ್ದಾಣವಿಲ್ಲ. ಅಲ್ಲಿಂದ ನಮ್ಮ ಶಾಲೆಗೆ ಬಂದು ಹಾಸ್ಟೆಲಿನಲ್ಲಿ ಇದ್ದು ಓದಿದ ಗೆಳೆಯರು, ಮನೆಯಿಂದಲೇ ದಿನಾ ಗಾಡಿಯಲ್ಲಿ ಬರುತ್ತಿದ್ದವರನ್ನು ಕಂಡು ಹೊಟ್ಟ ಉರಿದುಕೊಳ್ಳುತ್ತಿದ್ದದ್ದು ನನಗೆ ನೆನಪಿದೆ. ದಿನಾ ತಾಯಿಯ ಕೈಯ ರೊಟ್ಟಿ ಉಣ್ಣುವುದು ಎಂದರೇನು ಎಂಬುದು ಹಾಸ್ಟೆಲಿನವರಿಗೇ ಗೊತ್ತು.

ನಮ್ಮಿಂದ ಆಗಬೇಕಾದದ್ದು

2020ರ ಮಾರ್ಚಿಯಲ್ಲಿ ಕೊರೊನಾದಿಂದಾಗಿ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತಾಗ ಕಂಟೋನ್ಮೆಂಟ್ ನಿಲ್ದಾಣವೂ ಮೌನವಾಯಿತು. ಆಗ ನನಗೆ ಅನ್ನಿಸಿತು: ಈ ಹಾದಿಯಲ್ಲಿ ಓಡಾಡಿದವರ ಮಾತನ್ನು ಯಾರೂ ಬರೆದಿಟ್ಟಿಲ್ಲ. ಕಂಪನಿಗಳ ಹೆಸರು, ತೆರೆದ ವರ್ಷ, ಮೈಲಿಗಳ ಲೆಕ್ಕ ಗೆಜೆಟಿಯರುಗಳಲ್ಲಿ ಸಿಗುತ್ತದೆ. 1953ಕ್ಕೆ ಮುಂಚೆ ಮದುವೆಯಾಗಿ ರಾಯದುರ್ಗದಿಂದ ಬಂದು, ಮರುವರ್ಷ ತವರು ಬೇರೆ ರಾಜ್ಯಕ್ಕೆ ಹೋದದ್ದನ್ನು ಕಂಡ ಅಜ್ಜಿಯ ಮಾತು ಯಾವ ಗೆಜೆಟಿಯರಿನಲ್ಲೂ ಇಲ್ಲ. ಅಂಥವರು ಈಗ ತೊಂಬತ್ತರ ಹತ್ತಿರ ಇದ್ದಾರೆ.

ಆದ್ದರಿಂದ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಶಾಲೆಗೂ ಊರಿನವರಿಗೂ ಎರಡು ಮಾತು ವಿನಂತಿಸುತ್ತೇನೆ. ಒಂದು, ಹಳೆಯ ದಾಖಲಾತಿ ಪುಸ್ತಕಗಳನ್ನು ಚೆನ್ನಾಗಿ ಬೈಂಡ್ ಮಾಡಿಸಿ, ಪುಟಪುಟವನ್ನೂ ಫೋಟೊ ತೆಗೆಸಿ ಇಡಬೇಕು. ಅವು ಶಾಲೆಯ ಲೆಕ್ಕಪತ್ರ ಮಾತ್ರವಲ್ಲ, ಈ ಸೀಮೆಯ ಚರಿತ್ರೆ. ಎರಡು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದ ಯೋಜನೆಯ ಕೆಲಸವಾಗಿ ಇದನ್ನು ಕೊಡಬಹುದು. ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ಓಣಿಯ ಒಬ್ಬ ಹಿರಿಯರನ್ನು ಕೂರಿಸಿ, ಈ ರೈಲಿನಲ್ಲಿ ಮೊದಲು ಯಾವಾಗ ಹತ್ತಿದಿರಿ, ಯಾತಕ್ಕೆ ಹೋದಿರಿ, ಯಾರು ಕರೆದೊಯ್ಯಲು ಬಂದಿದ್ದರು ಎಂದು ಕೇಳಿ ಬರೆದುಕೊಂಡು ಬರಲಿ. ರಟ್ಟಿನ ಟಿಕೆಟ್ಟು, ಹಳೆಯ ಸೀಸನ್ ಪಾಸು, ನಿಲ್ದಾಣದ ಎದುರು ತೆಗೆಸಿದ ಮದುವೆ ದಿಬ್ಬಣದ ಫೋಟೊ, ಯಾರ ಮನೆಯ ಟ್ರಂಕಿನಲ್ಲಿ ಏನಿದೆಯೋ ಹುಡುಕಲಿ. ಗ್ರಂಥಾಲಯದ ಒಂದು ಕಪಾಟು ಇದಕ್ಕೆ ಸಾಕು.

ಇತಿಹಾಸ ಎಂದರೆ ಹಂಪಿಗೆ ಪ್ರವಾಸ ಹೋಗಿ ನೋಡಿ ಬರುವುದು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಹಂಪಿಯನ್ನು ನೋಡಲೇಬೇಕು. ಅದರ ಜೊತೆಗೆ ಕಂಟೋನ್ಮೆಂಟ್ ನಿಲ್ದಾಣಕ್ಕೂ ಒಂದು ಸಂಜೆ ಕರೆದುಕೊಂಡು ಹೋಗಿ. ಟಿಕೆಟ್ ಕೊಂಡು ರಾಯದುರ್ಗದವರೆಗೆ ಹೋಗಿ ಬರಲಿ. ಎಲ್ಲಿ ಕರ್ನಾಟಕ ಮುಗಿಯಿತು, ಎಲ್ಲಿ ಆಂಧ್ರ ಶುರುವಾಯಿತು ಎಂದು ಕಿಟಕಿಯಿಂದ ನೋಡಿ ಹೇಳಲಿ. ಹೊಲ ಅದೇ, ಜಾಲಿ ಅದೇ, ಪಕ್ಕದಲ್ಲಿ ಕುಳಿತವರು ಮಾತಾಡುವ ಎರಡು ಭಾಷೆಗಳೂ ಅವೇ. ಬಂದ ಮೇಲೆ 1953ರ ಪಾಠವನ್ನು ಮತ್ತೊಮ್ಮೆ ಓದಿಸಿ. ಆಗ ಅದು ಅವರಿಗೆ ಬೇರೆಯಾಗಿ ಕಾಣುತ್ತದೆ ಎಂಬ ನಂಬಿಕೆ ನನಗಿದೆ.